ನಿಕೊಲಾಸಾಳ ಅಳತೆ

ಮೂವತ್ತೊಂದು ವರ್ಷದಿಂದ ಅವಳ ಸೊಂಟ
ನನ್ನ ಟೇಪಿಗೆ ಗೊತ್ತು.
ಬೊಲಿವಿಯಾದ ನೆತ್ತಿಯ ಮೇಲಿನ ಈ ಎಲ್ ಆಲ್ತೋದಲ್ಲಿ,
ಮೋಡಕ್ಕಿಂತ ಒಂದು ಗೇಣು ಮೇಲೆ,
ಸಿರಿತನ ಅಳೆಯುವವರು ನಾವು, ದರ್ಜಿಗಳು:
ಒಂದರ ಮೇಲೊಂದು ಎಷ್ಟು ಲಂಗ,
ಒಂದೊಂದಕ್ಕೆ ಎಷ್ಟು ನೆರಿಗೆ.

ಮೊದಲ ಸಲ ಬಂದಾಗ ಒಂದೇ ಹೊಲಿಸಿದಳು.
ಅದೂ ಸಾಲ.
ಒಳಗಡೆ, ಯಾರಿಗೂ ಕಾಣದಂತೆ, ಒಂದು ಜೇಬಿಡು ಎಂದಳು.
ಜೊತೆಗೆ ಬಾಸಿಲಿಯಾ. ಇಬ್ಬರಿಗೂ ಸೇರಿ ಒಂದೇ ಕಂಬಳಿ.
ಭಾನುವಾರದ ಸಂತೆಯಲ್ಲಿ ಅದನ್ನು ಹಾಸಿ
ಬ್ಯಾಟರಿ, ಬಾಚಣಿಗೆ, ಮಕ್ಕಳ ಕಾಲುಚೀಲ ಮಾರಿ
ಸಂಜೆ ಅದನ್ನೇ ಹೊದ್ದು ಮನೆಗೆ ನಡೆಯುತ್ತಿದ್ದರು.
ಲಾಭ ಎಣಿಸಿದವರಲ್ಲ.
ಒಂದು ಹಿಡಿ ನಿನಗೆ, ಒಂದು ಹಿಡಿ ನನಗೆ.
ಬಾಸಿಲಿಯಾಳ ಹಿಡಿ ದೊಡ್ಡದು. ಅದಕ್ಕೂ ನಗು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ನಿಕೊಲಾಸಾ ಹಾಸಿಗೆಯನ್ನೇ ಎಳೆದು ಉದ್ದ ಮಾಡಿದಳು.
ಚಿಲಿಯ ಬಂದರಿನಿಂದ ಒಂದು ಲಾರಿ ಟೀವಿ,
ಆಮೇಲೆ ಮೂರು ಲಾರಿ,
ಆಮೇಲೆ ಲಾರಿಗಳೇ ಅವಳವು.
ಐದನೆಯ ಲಂಗ ಹೊಲಿದ ವರ್ಷ ಮನೆ ಎದ್ದಿತು:
ಆರಂತಸ್ತು, ಗಿಳಿಹಸಿರು, ಕಿತ್ತಳೆ, ಕನ್ನಡಿ,
ಬುಡದಲ್ಲಿ ಅಂಗಡಿ, ನಡುವೆ ಕುಣಿತದ ಹಾಲು,
ಎಲ್ಲದರ ಮೇಲೆ, ಅವಳ ತಲೆಯ ಟೋಪಿಯ ಹಾಗೆ
ಚಿಕ್ಕದಾಗಿ, ತುಸು ಓರೆಯಾಗಿ,
ಅವಳ ವಾಸ.

ದುಡ್ಡಲ್ಲೇನಿದೆ ಎಂದು ನನ್ನ ಮುಂದೆ ಹೇಳಬೇಡಿ.
ನಲ್ಲಿಯಲ್ಲಿ ಬಿಸಿನೀರು ಬಂದ ದಿನ
ಮೊಣಕೈವರೆಗೆ ಕೈಯೊಡ್ಡಿ ನಿಂತಳಂತೆ,
ತೊಟ್ಟಿ ಬರಿದಾಗಿ ತಣ್ಣೀರು ಬರುವವರೆಗೂ.
ಬೆಳಗಿನ ಮಂಜುಗಡ್ಡೆ ಒಡೆದು ಬಟ್ಟೆ ಒಗೆದ ಬೆರಳು ಅವು.
ಅತ್ತೆ ಎಂದಳು. ಹೇಳುವಾಗ ಮಾತ್ರ ನಕ್ಕಳು,
ಮೂರು ಚಿನ್ನದ ಹಲ್ಲು.
ಅದು ಸುಖವಲ್ಲವಾದರೆ ಸುಖವನ್ನು ನೀವೇ ಹುಡುಕಿ ತನ್ನಿ,
ಅಂಗಡಿ ಏಳರವರೆಗೆ ತೆರೆದಿರುತ್ತದೆ.

ಹೋದ ವರ್ಷ ಓಣಿಯ ಸಂತನ ಹಬ್ಬಕ್ಕೆ ಅವಳೇ ಯಜಮಾನಿ.
ಎಂಬತ್ತು ಮಂದಿಯ ಬ್ಯಾಂಡು; ಕಿಟಕಿಯ ಗಾಜು ನಡುಗಿತು.
ಬಂದವರು ತಂದ ಬಿಯರಿನ ಪೆಟ್ಟಿಗೆ
ಒಟ್ಟಿ ಒಟ್ಟಿ ಗೋಡೆ ಮರೆಯಾಯಿತು.
ಅಳಿಯ ಮೇಜಿಗೆ ಕೂತು ಬರೆದುಕೊಂಡ: ಯಾರು, ಎಷ್ಟು.
ನಮ್ಮಲ್ಲಿ ಉಡುಗೊರೆ ಎಂದರೆ ಕಡ,
ಅವರ ಸರದಿಗೆ ಅಷ್ಟೇ ಮರಳಬೇಕು.
ಮೊದಲ ಗುಟುಕು ಭೂತಾಯಿಗೆ ಎಂದು
ಅವಳು ಗ್ಲಾಸು ಬಗ್ಗಿಸಿದಳು,
ಮಣ್ಣಿಗಿಂತ ಎರಡಂತಸ್ತು ಮೇಲೆ, ಅಮೃತಶಿಲೆಗೆ.
ಒಬ್ಬ ಹುಡುಗ ಓಡಿ ಬಂದು ಒರೆಸಿದ.

ಈ ವಾರ ಬಂದಿದ್ದಳು. ಏಳನೆಯದು.
ಮಂಡಿಯೂರಿ ಅಂಚು ಮಡಿಸುತ್ತಿದ್ದೆ, ಬಾಯಿ ತುಂಬ ಗುಂಡುಸೂಜಿ.
ತಲೆಯ ಮೇಲಿಂದ ದನಿ:
'ಬಾಸಿಲಿಯಾ ಎರಡು ಪೆಟ್ಟಿಗೆ ತಂದಿದ್ದಳು ಎವಾರಿಸ್ತೋ.
ಪುಸ್ತಕದಲ್ಲಿದೆ. ನಾಲ್ಕನೆಯ ಪುಟ,
ಸಿಮೆಂಟಿನವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ.
ಕುಣಿಯಲಿಲ್ಲ. ಗೋಡೆಗೊರಗಿ ನಿಂತಿದ್ದಳು.
ಕೈ ಹಿಡಿದು ಎಳೆದೆ.
ನಿಮ್ಮ ಬಟ್ಟೆ ನಲುಗೀತು ಅಂದಳು.
ನಿಮ್ಮ.'

ಸುಖವಾಗಿದ್ದೀಯಾ ನಿಕೊಲಾಸಾ, ಎಂದು ಕೇಳಿದೆ.
ಸೂಜಿಗಳ ಸಂದಿಯಿಂದ ಹೊರಟ ಮಾತು
ಏನಾಗಿ ಕೇಳಿಸಿತೋ,
'ಹೂಂ, ಒಂದು ಬೆರಳು ಸಡಿಲ ಬಿಡು' ಎಂದಳು.

ಹೊಸ್ತಿಲು ದಾಟಿದವಳು ತಿರುಗಿದಳು.
ಒಳಜೇಬು ಮರೀಬೇಡ.
ಬ್ಯಾಂಕಿದೆಯಲ್ಲ ನಿನಗೆ, ಅದರಲ್ಲಿ ಏನಿಡುತ್ತೀ?
ಏನೂ ಇಲ್ಲ, ಎಂದಳು. ಒಂದು ಹಿಡಿ ಹಿಡಿಸಿದರೆ ಸಾಕು.

ಯಾರ ಹಿಡಿ ಎಂದು ಕೇಳಲಿಲ್ಲ.
ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ,
ನೋಡಿದೆ,
ಅಳಿಸಿ, ಒಂದು ಅಂಗುಲ ಅಗಲ ಕತ್ತರಿಸಿದೆ.